ಮೊಬೈಲಿನ ಬೀಗದ ಗುರುತನ್ನು ಎಷ್ಟು ನಂಬಬಹುದು?



ಕಾಮಾಕ್ಷಿಪಾಳ್ಯದ ನಮ್ಮ ಒಂದು ಸಂಘದ ಸಭೆಗೆ ಹೋದಾಗ ಒಬ್ಬ ಸದಸ್ಯೆ ಮೂಲೆಯಲ್ಲಿ ಅಳುತ್ತಾ ಕೂತಿದ್ದರು. "ಗೃಹಲಕ್ಷ್ಮಿ ಬಾಕಿ ಕಂತು ಬಂದಿದೆ, ಇಲ್ಲಿ ಒತ್ತಿ" ಅಂತ ಅವರ ವಾಟ್ಸಾಪ್‌ಗೆ ಒಂದು ಲಿಂಕ್ ಬಂದಿತ್ತಂತೆ. ಒತ್ತಿದರು, ಬ್ಯಾಂಕಿನ ವಿವರ ತುಂಬಿದರು, ಬಂದ ಓಟಿಪಿಯನ್ನೂ ಹಾಕಿದರು. ಸಂಘದ ಸಾಲದ ಕಂತಿಗೆಂದು ಇಟ್ಟಿದ್ದ 6,000 ರೂಪಾಯಿ ಹೋಯಿತು. "ಬೀಗದ ಗುರುತು ಇತ್ತು ಸಿಸ್ಟರ್. ಬೀಗ ಇದ್ರೆ ಭಯ ಇಲ್ಲ ಅಂತ ನೀವೇ ತರಬೇತೀಲಿ ಹೇಳಿದ್ರಲ್ಲ" ಅಂದರು. ಹೌದು, ಹೇಳಿಕೊಟ್ಟವರು ನಾವೇ. ಆದರೆ ಅರ್ಧ ಮಾತ್ರ ಹೇಳಿಕೊಟ್ಟಿದ್ದೆವು. ಉಳಿದ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಂಪ್ಯೂಟರುಗಳು, ಮೊಬೈಲುಗಳು ಒಂದರ ಜೊತೆ ಒಂದು ಮಾತಾಡಲು ಮೊದಲೇ ಒಪ್ಪಿಕೊಂಡ ನಿಯಮಗಳಿವೆ. ಅದಕ್ಕೆ ಪ್ರೊಟೊಕಾಲ್ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ನಿಮ್ಮಲ್ಲಿ ಎಷ್ಟೋ ಜನರ ಮನೆಯವರು ಇಲ್ಲಿನ ಲೇತ್ ಶಾಪುಗಳಲ್ಲಿ ದುಡಿಯುವವರು, ಅವರನ್ನೇ ಕೇಳಿ. ಒಂದು ಶೆಡ್ಡಿನಲ್ಲಿ ಮಾಡಿದ 10 ಎಂಎಂ ಬೋಲ್ಟಿಗೆ ಇನ್ನೊಂದು ಶೆಡ್ಡಿನ ನಟ್ಟು ಸರಿಯಾಗಿ ಕೂರುತ್ತದೆ. ಇಬ್ಬರೂ ಮುಖ ನೋಡಿರುವುದಿಲ್ಲ, ಆದರೆ ಅಳತೆ ಒಪ್ಪಿಕೊಂಡಿರುತ್ತಾರೆ. ಇಂಟರ್ನೆಟ್ ನಡೆಯುವುದೂ ಹೀಗೇ.

ನೀವು ಕಳಿಸುವ ಫೋಟೊ ಇಡಿಯಾಗಿ ಹೋಗುವುದಿಲ್ಲ. ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಪ್ರತಿ ತುಂಡಿನ ಮೇಲೆ ಎಲ್ಲಿಂದ, ಎಲ್ಲಿಗೆ ಎಂಬ ಸಂಖ್ಯೆಯ ವಿಳಾಸ ಇರುತ್ತದೆ. ಆ ವಿಳಾಸದ ನಿಯಮ ಐಪಿ. ತುಂಡುಗಳಿಗೆ ಕ್ರಮಸಂಖ್ಯೆ ಹಾಕಿ, "ಮುಟ್ಟಿತು" ಅಂತ ಆ ಕಡೆಯಿಂದ ಉತ್ತರ ಬಂತೇ ನೋಡಿ, ಬರದಿದ್ದರೆ ಮತ್ತೆ ಕಳಿಸುವುದು ಟಿಸಿಪಿ. ನಮ್ಮ ಸಂಘದಲ್ಲಿ ದುಡ್ಡು ಕೊಟ್ಟ ಕೂಡಲೇ ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳುತ್ತೇವಲ್ಲ, ಅದೇ ಜಾಗ್ರತೆ. ಇವೆರಡರ ಮೂಲ ಯೋಜನೆಯನ್ನು ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬ ಅಮೆರಿಕದ ಇಂಜಿನಿಯರುಗಳು 1974ರಲ್ಲಿ ಪ್ರಕಟಿಸಿದರು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು.

ಸಂಖ್ಯೆಯ ವಿಳಾಸ ಯಾರಿಗೆ ನೆನಪಿರುತ್ತದೆ? ನಾವು ಹೆಸರು ಬರೆಯುತ್ತೇವೆ. ಹೆಸರು ನೋಡಿ ಸಂಖ್ಯೆ ಹುಡುಕಿಕೊಡುವ ಕೆಲಸ ಡಿಎನ್‌ಎಸ್‌ನದು. ಮೊಬೈಲಿನಲ್ಲಿ "ಅಕ್ಕ" ಅಂತ ಒತ್ತಿದರೆ ನಂಬರ್ ತಾನೇ ಹೋಗುವಂತೆ. ಇನ್ನು ಈಮೇಲ್ ಕಳಿಸುವ ನಿಯಮ ಎಸ್‌ಎಂಟಿಪಿ. ಅದು ಮೊದಲು ಬಂದಾಗ ಕಳಿಸಿದವರ ಹೆಸರು ನಿಜವೋ ಸುಳ್ಳೋ ಪರೀಕ್ಷಿಸುತ್ತಿರಲಿಲ್ಲ. ಈಗ ಪರೀಕ್ಷೆ ಸೇರಿಸಿದ್ದಾರೆ, ಆದರೂ ಸುಳ್ಳು ಹೆಸರಿನ ಈಮೇಲ್ ಬರುತ್ತಲೇ ಇವೆ.

ಈಗ ಬೀಗದ ವಿಷಯ. ವೆಬ್ ಪುಟಗಳನ್ನು ತರುವ ನಿಯಮ ಹೆಚ್‌ಟಿಟಿಪಿ. ಇದು ಪೋಸ್ಟ್ ಕಾರ್ಡ್ ಇದ್ದ ಹಾಗೆ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಕೊನೆಗೆ ಎಸ್ ಸೇರಿದರೆ, ಅಂದರೆ ಹೆಚ್‌ಟಿಟಿಪಿಎಸ್ ಆದರೆ, ಅಂಟಿಸಿದ ಕವರು. ಬೀಗದ ಗುರುತು ಹೇಳುವುದು ಎರಡೇ ಮಾತು: ದಾರಿಯಲ್ಲಿ ಯಾರೂ ಓದಲಾರರು, ಮತ್ತು ಮೇಲೆ ಬರೆದ ವಿಳಾಸಕ್ಕೇ ಹೋಗುತ್ತದೆ. ಆ ವಿಳಾಸದ ಮನೆಯಲ್ಲಿ ಕೂತಿರುವವರು ಒಳ್ಳೆಯವರೋ ಕಳ್ಳರೋ ಅದು ಹೇಳುವುದಿಲ್ಲ! ಈ ಬೀಗದ ಪ್ರಮಾಣಪತ್ರ ಪುಕ್ಕಟೆಯಾಗಿಯೂ ಸಿಗುತ್ತದೆ. ಪ್ರಾಮಾಣಿಕರಿಗೆ ಒಳ್ಳೆಯದಾಯಿತು, ಕಳ್ಳರಿಗೂ ಸುಲಭವಾಯಿತು. ನಮ್ಮ ಸಹೋದರಿ ಓಟಿಪಿಯನ್ನು ಭದ್ರವಾದ ಕವರಿನಲ್ಲಿಟ್ಟು ಕಳ್ಳನ ವಿಳಾಸಕ್ಕೇ ಕಳಿಸಿದ್ದರು. ಜನ ಬೀಗ ನೋಡಿ ಮೋಸಹೋಗುತ್ತಾರೆಂದು ಗೂಗಲ್‌ನವರು 2023ರಲ್ಲಿ ಕ್ರೋಮ್‌ನಿಂದ ಆ ಚಿತ್ರವನ್ನೇ ತೆಗೆದು ಬೇರೆ ಗುರುತು ಹಾಕಿದರು. ನಾವು ನಮ್ಮ ತರಬೇತಿಯ ಚಾರ್ಟ್ ಬದಲಾಯಿಸಲು ತಡಮಾಡಿದೆವು. ಅದು ನಮ್ಮದೇ ತಪ್ಪು.

ಹಾಗಾದರೆ ಏನು ನೋಡಬೇಕು? ವಿಳಾಸ ಓದಬೇಕು, ಅದೂ ಕೊನೆಯಿಂದ. ಮೊದಲ ಎರಡು ಓರೆಗೆರೆ ಬಿಟ್ಟು ಮುಂದಿನ ಓರೆಗೆರೆ ಬರುವ ತನಕ ಇರುವುದೇ ಹೆಸರು. ಆ ಹೆಸರಿನ ಕೊನೆ ಮುಖ್ಯ. ಕಾಗದದ ಮೇಲೆ ಕಾಮಾಕ್ಷಿಪಾಳ್ಯ ಅಂತ ದಪ್ಪಗೆ ಬರೆದು ಕೆಳಗೆ ಬೇರೆ ಊರು, ಬೇರೆ ಪಿನ್ ಕೋಡ್ ಹಾಕಿದರೆ ಕಾಗದ ಆ ಊರಿಗೇ ಹೋಗುತ್ತದೆ ತಾನೆ? ಸೇವಾಸಿಂಧುವಿನ ವಿಳಾಸ "ಕರ್ನಾಟಕ ಡಾಟ್ ಜಿಓವಿ ಡಾಟ್ ಇನ್" ಎಂದು ಮುಗಿಯುತ್ತದೆ. ಜಿಓವಿ ಡಾಟ್ ಇನ್ ಸರ್ಕಾರದವರಿಗೆ ಮಾತ್ರ ಕೊಡುವ ಹೆಸರು. ಮುಂದುಗಡೆ ಗೃಹಲಕ್ಷ್ಮಿ, ಕರ್ನಾಟಕ ಅಂತ ಏನೇ ಇರಲಿ, ಕೊನೆ ಬೇರೆ ಇದ್ದರೆ ಅದು ಬೇರೆಯವರ ಮನೆ. ಓದಲು ಕಷ್ಟವಾದರೆ ಮಕ್ಕಳ ಕೈಲಿ ಓದಿಸಿ, ನಾಚಿಕೆ ಬೇಡ. ಗೃಹಲಕ್ಷ್ಮಿ ಹಣವಂತೂ ನೇರ ಖಾತೆಗೆ ಜಮಾ ಆಗುವಂಥದು, ಅದನ್ನು ಪಡೆಯಲು ಲಿಂಕ್ ಒತ್ತಿ ಓಟಿಪಿ ಕೊಡಬೇಕಾಗಿಲ್ಲ. ಫೋನ್‌ಪೇ, ಗೂಗಲ್‌ಪೇಯಲ್ಲೂ ಅಷ್ಟೇ, ನಮಗೆ ಬರುವ ಹಣಕ್ಕೆ ನಾವು ಪಿನ್ ಒತ್ತಬೇಕಿಲ್ಲ.

ಆ ಸಹೋದರಿ ಯಜಮಾನರ ಭಯಕ್ಕೆ ಮೂರು ದಿನ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ನಮಗೆ ಹೆಚ್ಚು ನೋವಾದದ್ದು ಇದಕ್ಕೆ. ದುಡ್ಡು ಹೋದ ತಕ್ಷಣ 1930ಕ್ಕೆ ಫೋನ್ ಮಾಡಿದರೆ, ಕಳ್ಳ ಅದನ್ನು ಮುಂದಕ್ಕೆ ಸಾಗಿಸುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಇರುತ್ತದೆ. ತಡವಾದಷ್ಟೂ ಅದು ಕೈತಪ್ಪುತ್ತದೆ. ಸಂಘದವರು ಅವರ ಕಂತಿಗೆ ದಂಡ ಹಾಕದೆ ಮುಂದಿನ ತಿಂಗಳಿಗೆ ಹಾಕಿಕೊಂಡು ನಿರ್ಣಯ ಪುಸ್ತಕದಲ್ಲಿ ಬರೆದರು. ಅದೇ ಪುಸ್ತಕದ ಮೊದಲ ಪುಟದಲ್ಲಿ ಈಗ 1930 ಅಂತ ದೊಡ್ಡದಾಗಿ ಬರೆದುಕೊಂಡಿದ್ದಾರೆ.