ನಮ್ಮ ಹಳ್ಳಗಳ ‘ಟ್ರೌಟ್’

ಗೊಬ್ಬರ, ಮೈಲುತುತ್ತು ಒಯ್ಯಲು ಸಂಘಕ್ಕೆ ಬರುವ ಸದಸ್ಯರಲ್ಲಿ ಗಾಳದ ಹವ್ಯಾಸವಿರುವವರು ಕೆಲವರಿದ್ದಾರೆ. ಅವರು ಆಗಾಗ ಕೇಳುವ ಪ್ರಶ್ನೆ ಒಂದುಂಟು: “ನೀಲಗಿರಿಯ ಹಳ್ಳಗಳಲ್ಲಿ ಟ್ರೌಟ್ ಮೀನು ತಾನಾಗಿಯೇ ಬೆಳೆಯುತ್ತದಂತೆ. ಮರಿ ತಂದು ನಮ್ಮ ತೋಟದ ಹಳ್ಳಕ್ಕೂ ಬಿಡಬಹುದಲ್ಲ?” ಇದಕ್ಕೆ ‘ಆಗದು’ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಿ ಕಳಿಸಬಹುದು. ಆದರೆ ಏಕೆ ಆಗದು ಎಂಬುದನ್ನು ವಿಚಾರಿಸುತ್ತ ಹೋದರೆ ನಮ್ಮ ಹಳ್ಳಗಳ ಬಗ್ಗೆಯೇ ತಿಳಿಯಬೇಕಾದ ಸಂಗತಿಗಳು ಹಲವು ಹೊರಬರುವುದರಿಂದ ಈ ಲೇಖನವನ್ನು ಸದಸ್ಯರ ಮುಂದಿಡುತ್ತಿದ್ದೇವೆ.

ಟ್ರೌಟ್ ನಮ್ಮ ದೇಶದ ಮೀನಲ್ಲ. ಕಂದು ಟ್ರೌಟ್ ಯೂರೋಪಿನದು. ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪಶ್ಚಿಮ ಭಾಗದ್ದು. ಗಾಳದ ಶೋಕಿಯ ಬ್ರಿಟಿಷರು ಇವನ್ನು ಇಲ್ಲಿಗೆ ತಂದರು. ಡಾ. ಫ್ರಾನ್ಸಿಸ್ ಡೇ 1863ರಲ್ಲಿ ನೀಲಗಿರಿಗೆ ಮೊಟ್ಟೆ ತರಿಸಲು ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಕಾಶ್ಮೀರದಲ್ಲಿ 1900ರಲ್ಲಿ ಸ್ಕಾಟ್ಲೆಂಡಿನ ಕಂದು ಟ್ರೌಟ್ ನೆಲೆ ನಿಂತಿತು. ನೀಲಗಿರಿಯಲ್ಲಿ 20ನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವರು ಅವಲಾಂಚಿಯಲ್ಲಿ ಮರಿ ಸಾಕುವ ಕೇಂದ್ರ ತೆರೆದ ಮೇಲೆ ರೇನ್‌ಬೋ ಟ್ರೌಟ್ ಅಲ್ಲಿನ ತೊರೆಗಳಿಗೆ ಒಗ್ಗಿಕೊಂಡು ತನ್ನ ಸಂತಾನವನ್ನು ತಾನೇ ಬೆಳೆಸತೊಡಗಿತು. ಹೀಗೆ ಯಾರ ಸಾಕಣೆಯೂ ಇಲ್ಲದೆ ತೊರೆಯಲ್ಲೇ ಹುಟ್ಟಿ ತೊರೆಯಲ್ಲೇ ಬೆಳೆದ ಮೀನಿಗೆ ಗಾಳದವರು ಕಾಡು ಟ್ರೌಟ್ ಎನ್ನುತ್ತಾರೆ.

ಟ್ರೌಟಿಗೆ ಹಿತವಾದ ನೀರಿನ ಉಷ್ಣತೆ 10ರಿಂದ 18 ಡಿಗ್ರಿ ಸೆಲ್ಸಿಯಸ್. 20 ದಾಟಿದರೆ ಅದು ಬಳಲುತ್ತದೆ. 25ರ ಹತ್ತಿರ ಬದುಕುವುದೇ ಕಷ್ಟ. ಅವಲಾಂಚಿ ಸುಮಾರು 2000 ಮೀಟರ್ ಎತ್ತರದಲ್ಲಿದೆ. ನಮ್ಮ ಕಾಫಿ ತೋಟಗಳು ಬಹುಪಾಲು ಅದರ ಅರ್ಧದಷ್ಟು ಎತ್ತರದಲ್ಲಿವೆ. ಅಡಿಕೆ ತೋಟಗಳು ಇನ್ನೂ ಕೆಳಗೆ. ಮಾರ್ಚ್, ಏಪ್ರಿಲಿನಲ್ಲಿ ನಮ್ಮ ಹಳ್ಳದ ನೀರು 20 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ ಇಲ್ಲಿ ಟ್ರೌಟ್ ಬಿಡುವುದು ಹಣವನ್ನು ಹೊಳೆಗೆ ಬಿಟ್ಟಂತೆಯೇ. ಒಂದು ವೇಳೆ ಬದುಕಿದರೂ ಅದು ಇಲ್ಲಿನ ಸಣ್ಣ ಮೀನುಗಳನ್ನು ತಿಂದು ಬದುಕಬೇಕಾದ ಮೀನು.

ನಮ್ಮಲ್ಲೇ ಇರುವ ಮೀನು

ಟ್ರೌಟ್ ತರುವ ಅಗತ್ಯವಾದರೂ ಏನಿದೆ? ಕಲ್ಲು, ಗರಸಿನ ಮೇಲೆ ತಿಳಿನೀರು ರಭಸದಿಂದ ಹರಿಯುವ ನಮ್ಮ ಹಳ್ಳಗಳಲ್ಲಿ ಗೇಣುದ್ದಕ್ಕೆ ಮೀರದ, ಬೆಳ್ಳಿಬಣ್ಣದ, ಸಪೂರ ಮೈಯ ಮೀನೊಂದು ಹಿಂಡುಹಿಂಡಾಗಿ ಓಡಾಡುವುದನ್ನು ಎಲ್ಲರೂ ಕಂಡಿದ್ದೇವೆ. ಊರಿನಿಂದ ಊರಿಗೆ ಅದರ ಹೆಸರು ಬೇರೆಯಾಗುತ್ತದೆ. ಇಂಗ್ಲಿಷಿನಲ್ಲಿ ಬೆರಿಲ್ ಎನ್ನುವ ಗುಂಪಿಗೆ ಇದು ಸೇರಿದೆ. ಮೈಮೇಲೆ ಅಡ್ಡಪಟ್ಟೆಗಳಿರುವ ಒಂದು ಜಾತಿಗೆ ವಿಜ್ಞಾನಿಗಳು ಪಶ್ಚಿಮ ಘಟ್ಟದ ಹೆಸರನ್ನೇ ಸೇರಿಸಿ ‘ಗಾಟೆನ್ಸಿಸ್’ ಎಂದಿದ್ದಾರೆ. ಎರಡು ಸಾಲು ನೀಲಿಗಪ್ಪು ಚುಕ್ಕೆಗಳಿರುವ ಇನ್ನೊಂದನ್ನು ಮದರಾಸು ಸೈನ್ಯದ ವೈದ್ಯರಾಗಿದ್ದ ಜರ್ಡನ್ 1849ರಲ್ಲಿ ವರ್ಣಿಸಿ ‘ಕನಾರೆನ್ಸಿಸ್’ ಎಂದು, ಅಂದರೆ ಕನ್ನಡ ಜಿಲ್ಲೆಯದು ಎಂದು, ಹೆಸರಿಟ್ಟರು.

ಇದು ಕುಲದಲ್ಲಿ ಟ್ರೌಟ್ ಅಲ್ಲ, ಗೆಂಡೆಮೀನಿನ ಬಳಗದ್ದು. ಟ್ರೌಟಿನ ಬೆನ್ನಿನ ಹಿಂಭಾಗದಲ್ಲಿ, ಬಾಲದ ಮುಂಚೆ, ಕಾಣುವ ಮಾಂಸಲವಾದ ಪುಟ್ಟ ರೆಕ್ಕೆ ಇದಕ್ಕಿಲ್ಲ. ಆದರೆ ನಡತೆಯಲ್ಲಿ ಹೋಲಿಕೆ ಇದೆ. ಪ್ರವಾಹಕ್ಕೆ ಎದುರಾಗಿ ನಿಲ್ಲುವುದು, ಮೇಲಿನಿಂದ ಬಿದ್ದ ಇರುವೆ, ಗೆದ್ದಲು, ಹುಳುಗಳನ್ನು ಚಿಮ್ಮಿ ಹಿಡಿಯುವುದು, ಕೊಳಕು ನೀರನ್ನು ಸಹಿಸದಿರುವುದು, ಇವೆಲ್ಲ ಟ್ರೌಟಿನ ಗುಣಗಳೇ. ಆದ್ದರಿಂದಲೇ ಬ್ರಿಟಿಷ್ ಗಾಳಗಾರರು ಈ ಬಳಗದ ಮೀನುಗಳನ್ನು ‘ಬೆಟ್ಟದ ಟ್ರೌಟ್’ ಎಂದು ಕರೆದರು. ಭಾರತದಲ್ಲಿ ಗಾಳ ಹಾಕುವ ಬಗ್ಗೆ ಬಹುಕಾಲ ಪ್ರಮಾಣವೆನಿಸಿದ್ದ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥ 1873ರಲ್ಲಿ ಮುದ್ರಣವಾದದ್ದು ನಮ್ಮ ಮಂಗಳೂರಿನಲ್ಲಿ. ಅದನ್ನು ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದವರು.

ಹಿಡಿಯುವ ಕ್ರಮ

ಸಣ್ಣ ಹಳ್ಳದ ಮೀನು ಹಿಡಿಯಲು ದುಬಾರಿ ಸಲಕರಣೆ ಬೇಡ. ಆರೇಳು ಅಡಿಯ ಹಗುರವಾದ ಬಿದಿರು ಕೋಲು, ಕೂದಲಿನಷ್ಟು ತೆಳುವಾದ ನೈಲಾನ್ ದಾರ, ಅತಿ ಚಿಕ್ಕ ಗಾಳದ ಕೊಕ್ಕೆ ಸಾಕು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಬೇಕು. ಆಗ ಬೇಡವಾದ ಮೀನನ್ನು ಗಾಯವಿಲ್ಲದೆ ಬಿಡಬಹುದು. ಮನೆಯ ಹುಂಜದ ಕತ್ತಿನ ಗರಿಯೊಂದನ್ನು ಕಪ್ಪು ದಾರದಿಂದ ಕೊಕ್ಕೆಗೆ ಸುತ್ತಿದರೆ ನೀರಿನ ಮೇಲೆ ತೇಲುವ ಕೃತಕ ಹುಳು ಸಿದ್ಧವಾಯಿತು.

ಹಳ್ಳವನ್ನು ಸಮೀಪಿಸುವ ರೀತಿಯೇ ಮುಖ್ಯ. ಮೀನು ಮೇಲ್ದಿಕ್ಕಿಗೆ ಮುಖ ಮಾಡಿ ನಿಂತಿರುತ್ತದೆ; ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಹೊರಗಿನ ಬೆಳಕು ನೀರಿಗೆ ಇಳಿಯುವಾಗ ಬಾಗುವುದರಿಂದ, ಹೊರಗಿನ ಇಡೀ ಪ್ರಪಂಚ ಮೀನಿಗೆ ಅದರ ತಲೆಯ ಮೇಲೆ ಸುಮಾರು 97 ಡಿಗ್ರಿಯ ಒಂದು ದುಂಡು ಕಿಟಕಿಯೊಳಗೆ ಕಾಣುತ್ತದೆ. ದಡದಲ್ಲಿ ನೆಟ್ಟಗೆ ನಿಂತವನು ಆ ಕಿಟಕಿಯ ಅಂಚಿನಲ್ಲಿ ತೋರುತ್ತಾನೆ. ಬಗ್ಗಿ ಕುಳಿತವನು ಹೆಚ್ಚುಕಡಿಮೆ ಮರೆಯಾಗುತ್ತಾನೆ. ನೆರಳು ನೀರಿಗೆ ಬೀಳಬಾರದು. ಕಲ್ಲಿನ ಮೇಲೆ ಧಡಧಡ ಹೆಜ್ಜೆ ಹಾಕಿದರೆ ಮೈಯ ಇಕ್ಕೆಲದ ಸಂವೇದನೆಯ ರೇಖೆಯಿಂದ ಮೀನಿಗೆ ಅದೂ ತಿಳಿಯುತ್ತದೆ.

ನೀರು ಧುಮುಕಿ ಗುಂಡಿಗೆ ಸೇರುವ ಜಾಗದಲ್ಲಿ ನೊರೆಯ ಒಂದು ಗೆರೆ ಹರಿಯುತ್ತದೆ. ಹಳ್ಳಕ್ಕೆ ಬಿದ್ದ ಹುಳುಗಳೆಲ್ಲ ಆ ಗೆರೆಯಲ್ಲೇ ಸಾಗುವುದರಿಂದ ಮೀನು ಅದರ ಪಕ್ಕದಲ್ಲೇ ಕಾದಿರುತ್ತದೆ. ಕೃತಕ ಹುಳುವನ್ನು ಅಲ್ಲಿಗೆ ಮೆಲ್ಲನೆ ಬಿಟ್ಟು, ಎಳೆಯದೆ, ನೀರಿನ ವೇಗದಲ್ಲೇ ತೇಲಲು ಬಿಡಬೇಕು. ಬೆಳಗಿನ ಹೊತ್ತು ಮತ್ತು ಸಂಜೆ ಒಳ್ಳೆಯ ಸಮಯ. ಮಳೆ ಇಳಿದು ನೀರು ತಿಳಿಯಾದ ಅಕ್ಟೋಬರಿನಿಂದ ಜನವರಿಯವರೆಗೆ ಒಳ್ಳೆಯ ಕಾಲ. ಬಿಡುವ ಮೀನನ್ನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿಕೊಳ್ಳಬೇಕು. ಒಣಕೈ ಅದರ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಒಂದು ಗುಂಡಿಯಿಂದ ಎರಡಕ್ಕಿಂತ ಹೆಚ್ಚು ಮೀನು ತೆಗೆಯಬಾರದೆಂಬುದು ನಮ್ಮ ಸಲಹೆ. ಮಸೀರ್ ಮರಿ ಸಿಕ್ಕಿದರೆ ತಪ್ಪದೆ ಬಿಡಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗಿನ ನೀರಿಗೂ ದೇವಸ್ಥಾನಗಳ ಮತ್ಸ್ಯತೀರ್ಥಗಳಿಗೂ ಗಾಳ ಒಯ್ಯಕೂಡದು.

ಮೊದಲ ಮಳೆಗೆ ಹತ್ತುಮೀನು ಏರುವ ಕಾಲವನ್ನು ಬಿಟ್ಟುಬಿಡಬೇಕು. ಜೂನ್ ತಿಂಗಳ ಹೊಸ ನೀರಿನಲ್ಲಿ ಮೀನು ಎದುರೇರುವುದು ಮೊಟ್ಟೆಯಿಡುವುದಕ್ಕಾಗಿ. ಒಂದೊಂದರ ಹೊಟ್ಟೆಯಲ್ಲೂ ಮುಂದಿನ ವರ್ಷದ ಮೀನಿದೆ. ಕಾಲುವೆಯ ಪೂರ್ತಿ ಅಗಲಕ್ಕೆ ಕೂಣಿ ಒಡ್ಡಿ ಎಲ್ಲವನ್ನೂ ಬಾಚಿಕೊಂಡರೆ ಬೀಜದ ಭತ್ತವನ್ನೇ ಕುಟ್ಟಿ ಉಂಡ ಹಾಗೆ. ಕಾರೆಕಾಯಿ, ಬ್ಲೀಚಿಂಗ್ ಪುಡಿ, ತೋಟೆಗಳ ವಿಷಯವನ್ನಂತೂ ಹೇಳಬೇಕಾಗಿಲ್ಲ. ಹೊಳೆಗೆ ಸಿಡಿಮದ್ದು, ವಿಷ ಹಾಕುವುದು 1897ರ ಮೀನುಗಾರಿಕಾ ಕಾಯಿದೆಯಿಂದಲೇ ಅಪರಾಧವಾಗಿದೆ. 1996ರಲ್ಲಿ ಶಿಶಿಲದ ಮತ್ಸ್ಯತೀರ್ಥಕ್ಕೆ ಕಿಡಿಗೇಡಿಗಳು ವಿಷ ಹಾಕಿ ಸಾವಿರಾರು ಮಸೀರ್ ಸತ್ತದ್ದು ಹಲವರಿಗೆ ನೆನಪಿರಬಹುದು.

ಗಾಳಕ್ಕಿಂತ ದೊಡ್ಡ ಹೊಡೆತ

ಆದರೆ ಗಾಳ, ಕೂಣಿಗಳಿಂದ ಹೋದ ಮೀನು ಒಂದೆರಡು ಮಳೆಗಾಲದಲ್ಲಿ ಮತ್ತೆ ಬಂದೀತು. ಹಳ್ಳವೇ ಕೆಟ್ಟರೆ ಬಾರದು. ಇಲ್ಲಿ ನಾವು ಬೆಳೆಗಾರರು ನಮ್ಮ ಕೆಲಸವನ್ನೇ ನೋಡಿಕೊಳ್ಳಬೇಕಾಗಿದೆ. ಮೂರು ಸಂಗತಿಗಳನ್ನು ಮಾತ್ರ ಹೇಳುತ್ತೇವೆ.

ಮೊದಲನೆಯದು ಪಲ್ಪರ್ ನೀರು. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ. 25 ಡಿಗ್ರಿಯಲ್ಲಿ 8 ಮಿಲಿಗ್ರಾಂ ಮಾತ್ರ. ಕಾಫಿ ಹಣ್ಣಿನ ಸಿಹಿಲೋಳೆ ತುಂಬಿದ ಒಂದು ಲೀಟರ್ ಪಲ್ಪರ್ ನೀರು ಕೊಳೆಯುವುದಕ್ಕೆ ಸಾವಿರಾರು ಮಿಲಿಗ್ರಾಂ ಆಮ್ಲಜನಕ ಬೇಕು. ಅಂದರೆ ಅದು ನೂರಾರು ಲೀಟರ್ ಹಳ್ಳದ ನೀರಿನ ಉಸಿರನ್ನು ಹೀರುತ್ತದೆ. ಕೊಯ್ಲಿನ ದಿನಗಳಲ್ಲಿ ಹಳ್ಳ ಇಳಿಯುತ್ತಿರುವುದರಿಂದ ಪೆಟ್ಟು ಇನ್ನೂ ಹೆಚ್ಚು. ಈ ನೀರನ್ನು ಹೊಂಡದಲ್ಲಿ ನಿಲ್ಲಿಸಿ, ಸಂಸ್ಕರಿಸಿಯೇ ವಿಲೇವಾರಿ ಮಾಡಬೇಕು.

ಎರಡನೆಯದು ಮೈಲುತುತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬೇಕೇಬೇಕು, ಅದನ್ನು ಬಿಡಿ ಎಂದು ಯಾರೂ ಹೇಳಲಾರರು. ಆದರೆ ಮೊದಲ ಸಿಂಪಡಣೆಯ ಕಾಲವೂ ಹತ್ತುಮೀನಿನ ಕಾಲವೂ ಬಹುತೇಕ ಒಂದೇ. ಸುಣ್ಣ ಸೇರಿದ ದ್ರಾವಣದಲ್ಲಿ ತಾಮ್ರದ ಬಹುಪಾಲು ಕರಗದ ರೂಪದಲ್ಲಿರುತ್ತದೆ. ಹೆಚ್ಚು ಅಪಾಯ ಮೈಲುತುತ್ತು ನೆನೆಸಿದ ಡ್ರಮ್ಮನ್ನು ಹಳ್ಳದಲ್ಲಿ ತೊಳೆಯುವುದರಲ್ಲಿದೆ; ಅದರ ತಳದ ನೀಲಿ ನೀರಿನಲ್ಲಿ ಇರುವುದೆಲ್ಲ ಕರಗಿದ ತಾಮ್ರ. 1 ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಸುಣ್ಣದಂಶ ಕಡಿಮೆಯಿರುವ ಮೆದುನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಇಪ್ಪತ್ತರಲ್ಲೊಂದು ಪಾಲು ತಾಮ್ರವೇ ಟ್ರೌಟ್ ಮರಿಗಳಿಗೆ ಮಾರಕವೆಂದು ಪ್ರಯೋಗಗಳಿಂದ ತಿಳಿದಿದೆ. ನಮ್ಮ ಮಲೆನಾಡಿನ ನೀರೂ ಮೆದುನೀರೇ. ಈ ಲೆಕ್ಕದಲ್ಲಿ ಡ್ರಮ್ಮಿನ ತಳದಲ್ಲಿ ಉಳಿದ 100 ಗ್ರಾಂ ಮೈಲುತುತ್ತು 5 ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ಕೆಡಿಸಬಲ್ಲದು. ಡ್ರಮ್ಮು, ಪಂಪುಗಳನ್ನು ಹಳ್ಳದಿಂದ ದೂರ, ತೋಟದ ಮಣ್ಣಿನ ಮೇಲೆಯೇ ತೊಳೆಯಿರಿ. ತೊಳೆದ ನೀರನ್ನು ಮುಂದಿನ ಡ್ರಮ್ಮಿಗೆ ಸೇರಿಸಿಕೊಂಡರೆ ನಷ್ಟವೂ ಇಲ್ಲ.

ಮೂರನೆಯದು ಬೇಸಿಗೆಯ ಪಂಪು. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಹೂವಿಗೆ ನೀರು ಹೊಡೆಯುವಾಗ ಹಳ್ಳದ ಆಳದ ಗುಂಡಿಗಳೂ ಬರಿದಾಗುತ್ತವೆ. ಹರಿವು ನಿಂತ ಮೇಲೆ ಇಡೀ ಹಳ್ಳದ ಮೀನು ಮಳೆಯವರೆಗೆ ಜೀವ ಹಿಡಿದಿರುವುದು ಆ ಗುಂಡಿಗಳಲ್ಲೇ. ಹೂವಿಗೆ ನೀರು ಸಿಗದಿದ್ದರೆ ವರ್ಷದ ಫಸಲೇ ಹೋಗುತ್ತದೆಂಬುದನ್ನು ನಾವೂ ಬಲ್ಲೆವು. ಆದರೂ ಪ್ರತಿಯೊಬ್ಬ ಸದಸ್ಯರೂ ತಮ್ಮ ಪಾಲಿನ ಹಳ್ಳದಲ್ಲಿ ಎಲ್ಲಕ್ಕಿಂತ ಆಳವಾದ ಒಂದು ಗುಂಡಿಯನ್ನು, ಅದರಲ್ಲಿ ಮೊಣಕಾಲು ಮಟ್ಟದ ನೀರನ್ನಾದರೂ, ಪಂಪಿನಿಂದ ಉಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇವೆ. ಆ ಗುಂಡಿಯ ಸುತ್ತಲಿನ ಮರಗಳನ್ನು ಕಡಿಯಬಾರದು. ನೀರನ್ನು ತಂಪಾಗಿಡುವುದೂ ಮೀನಿಗೆ ಹುಳು ಉದುರಿಸುವುದೂ ಆ ಮರಗಳೇ. ಕೃಷಿಹೊಂಡದಲ್ಲಿ ತಿಲಾಪಿಯಾ ಸಾಕಿರುವವರು ಮಳೆಗಾಲದ ಕೋಡಿ ನೀರು ಹಳ್ಳ ಸೇರದಂತೆಯೂ ನೋಡಿಕೊಳ್ಳಬೇಕು.

ನೀಲಗಿರಿಯಲ್ಲಿ ಟ್ರೌಟ್ ಕಡಿಮೆಯಾದರೆ ಮರಿಕೇಂದ್ರದಿಂದ ತಂದು ಬಿಡಬಹುದು. ನಮ್ಮ ಹಳ್ಳದ ಚುಕ್ಕೆಮೀನಿಗೆ ಅಂಥ ಮರಿಕೇಂದ್ರ ಯಾವುದೂ ನಮ್ಮ ಕೈಗೆಟಕುವಂತಿಲ್ಲ. ಮೇಲಿನ ತೋಟದವರು ಕೆಡಿಸಿದರೆ ಕೆಳಗಿನವರ ಗುಂಡಿಯೂ ಹೋಗುತ್ತದೆ. ಕೆಳಗೆ ಅಡ್ಡಗಟ್ಟಿದರೆ ಮೇಲಕ್ಕೆ ಹತ್ತುವ ಮೀನಿಲ್ಲ. ಒಂದೇ ಹಳ್ಳದ ಉದ್ದಕ್ಕೂ ತೋಟವಿರುವ ಸದಸ್ಯರು ಮುಂಗಾರಿಗೆ ಮುಂಚೆ ಒಮ್ಮೆ ಕೂಡಿ, ಯಾವ ಗುಂಡಿಗಳನ್ನು ಉಳಿಸಬೇಕು, ಡ್ರಮ್ಮು ಎಲ್ಲಿ ತೊಳೆಯಬೇಕು ಎಂಬುದನ್ನು ಮಾತಾಡಿಕೊಂಡು ನಿರ್ಧರಿಸಿದರೆ ಅದಕ್ಕೆ ಖರ್ಚೇನೂ ಆಗದು. ಹಾಗೆ ಕೂಡಲು ಸಂಘದ ಸಭಾಂಗಣವನ್ನು ಧಾರಾಳವಾಗಿ ಬಳಸಿಕೊಳ್ಳಬಹುದೆಂದು ತಿಳಿಸಲು ಸಂತೋಷಿಸುತ್ತೇವೆ.