ಒಲೆ ಹಚ್ಚದ ಸಿಹಿ, ಹಸಿ ಮೊಟ್ಟೆ

ಕಳೆದ ಬೇಸಿಗೆಯ ಒಂದು ಸೋಮವಾರ ಬೆಳಿಗ್ಗೆ ಒಂದೇ ಮನೆಯ ನಾಲ್ವರು ನನ್ನ ಚಿಕಿತ್ಸಾಲಯದ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದರು. ಎಲ್ಲರದೂ ಒಂದೇ ದೂರು. ಹಿಂದಿನ ರಾತ್ರಿಯಿಂದ ಜ್ವರ, ಹೊಟ್ಟೆ ನುಲಿತ, ನೀರಿನಂಥ ಭೇದಿ. ನಾನು ಮೊದಲು ಕೇಳಿದ್ದು, "ಹೊರಗೆ ಏನು ತಿಂದಿರಿ?" ಎಂದು. ಭಾನುವಾರ ಮಧ್ಯಾಹ್ನ ಮದುವೆ ಊಟವಾಗಿತ್ತು. ಅಲ್ಲಿಯ ನೀರೋ ಪಾಯಸವೋ ಕಾರಣವಿರಬೇಕೆಂದು ತೀರ್ಮಾನಿಸಿ ಔಷಧಿ ಬರೆದುಕೊಟ್ಟೆ.

ಎರಡು ದಿನ ಕಳೆಯುವಷ್ಟರಲ್ಲಿ ಮನೆಯ ಹಿರಿಯರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರಿಗೆ ಎಪ್ಪತ್ತೆರಡು ವರ್ಷ, ಜೊತೆಗೆ ಮಧುಮೇಹ. ದೇಹದ ನೀರು ಬತ್ತಿ ರಕ್ತದೊತ್ತಡ ಕುಸಿದಿತ್ತು. ಮಲಪರೀಕ್ಷೆಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಸಿಕ್ಕಿತು. ಆಗ ನನಗೆ ಹೊಳೆಯಿತು: ಸಿಇಟಿಗೆ ಓದುತ್ತಿದ್ದ ಮೊಮ್ಮಗಳು ಮದುವೆಗೆ ಹೋಗಿಯೇ ಇರಲಿಲ್ಲ, ಆದರೂ ಅವಳಿಗೆ ಕಾಯಿಲೆ ಬಂದಿತ್ತು. ನಾಲ್ವರೂ ತಿಂದಿದ್ದ ಪದಾರ್ಥ ಒಂದೇ. ಶನಿವಾರ ರಾತ್ರಿ ತಾತನ ಹುಟ್ಟುಹಬ್ಬಕ್ಕೆಂದು ಅವಳೇ ಮಾಡಿದ್ದ ತಿರಾಮಿಸು.

"ಎಲ್ಲವನ್ನೂ ಎಷ್ಟು ಶುಚಿಯಾಗಿ ಮಾಡಿದ್ದೆ ಗೊತ್ತಾ ಡಾಕ್ಟ್ರೇ" ಎಂದು ಆ ಹುಡುಗಿ ಅತ್ತಳು. ಅವಳು ಹೇಳಿದ್ದು ನಿಜ. ತಪ್ಪು ಶುಚಿತ್ವದ್ದಲ್ಲ.

ತಿರಾಮಿಸು ಇಟಲಿಯ ಸಿಹಿ. ಹೆಸರಿನ ಅರ್ಥ 'ನನ್ನನ್ನು ಮೇಲೆತ್ತು' ಎಂದು. 1970ರ ಆಸುಪಾಸಿನಲ್ಲಿ ಟ್ರೆವಿಸೊ ಊರಿನ ಲೆ ಬೆಕ್ಕೆರಿಯೆ ಎಂಬ ಹೋಟೆಲಿನಲ್ಲಿ ಹುಟ್ಟಿತೆಂದು ಬಹುಮಂದಿ ಹೇಳುತ್ತಾರೆ, ಅದಕ್ಕೆ ಬೇರೆ ಊರುಗಳ ತಕರಾರೂ ಇದೆ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತಿನ ಒಂದು ಪದರ, ಅದರ ಮೇಲೆ ಮಸ್ಕಾರ್ಪೋನೆ ಎಂಬ ಕೆನೆಗಿಣ್ಣಿಗೆ ಮೊಟ್ಟೆಯ ಹಳದಿ ಮತ್ತು ಸಕ್ಕರೆ ಕಡೆದು ಸೇರಿಸಿದ ಒಂದು ಪದರ, ಹೀಗೆ ಎರಡು ಮೂರು ಸಾಲು, ಕೊನೆಗೆ ಕೋಕೋ ಪುಡಿ. ಈಗ ನಮ್ಮ ಹುಡುಗರು ಮೆತ್ತನೆಯ ಇಟಲಿ ಬಿಸ್ಕತ್ತಿನ ಬದಲು ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಹಾಕಿದ ಬೆಲ್ಜಿಯಂ ಮಾದರಿಯ ಮಸಾಲೆ ಬಿಸ್ಕತ್ತನ್ನು ಬಳಸುತ್ತಾರೆ. ರುಚಿ ಚೆನ್ನಾಗಿಯೇ ಇರುತ್ತದೆ. ಒವನ್ ಬೇಡ, ಒಲೆ ಬೇಡ, ಫ್ರಿಜ್ ಇದ್ದರೆ ಸಾಕು. ತೊಂದರೆ ಇರುವುದೂ ಅಲ್ಲಿಯೇ.

ನಮ್ಮ ಶ್ರೀಖಂಡವನ್ನೂ ಒಲೆಯ ಮೇಲಿಡುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಆದರೆ ಅದರ ಹಾಲು ಮೊಸರಾಗುವ ಮೊದಲೇ ಒಮ್ಮೆ ಕುದಿದಿರುತ್ತದೆ. ಆಮೇಲೆ ಮೊಸರಿನ ಹುಳಿ ಕಾವಲು ಕಾಯುತ್ತದೆ. ತಿರಾಮಿಸುವಿನ ಮೊಟ್ಟೆ ಬೆಂಕಿಯನ್ನೇ ಕಂಡಿರುವುದಿಲ್ಲ, ಮಸ್ಕಾರ್ಪೋನೆಯಲ್ಲಿ ಹುಳಿಯೂ ಇಲ್ಲವೆನ್ನುವಷ್ಟು ಕಡಿಮೆ.

ಸಾಲ್ಮೊನೆಲ್ಲ ಮೊಟ್ಟೆಯ ಚಿಪ್ಪಿಗೆ ಅಂಟಿದ ಹಿಕ್ಕೆಯಲ್ಲಿ ಮಾತ್ರ ಇರುತ್ತದೆ, ತೊಳೆದರೆ ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕೋಳಿಯ ಅಂಡಾಶಯಕ್ಕೇ ಸೋಂಕು ತಗುಲಿದ್ದರೆ ಚಿಪ್ಪು ಕಟ್ಟುವ ಮೊದಲೇ ರೋಗಾಣು ಒಳಗೆ ಸೇರಿರುತ್ತದೆ. ಅಂಥ ಮೊಟ್ಟೆ ನೋಡಲು ಚೆನ್ನಾಗಿರುತ್ತದೆ, ವಾಸನೆ ಇರುವುದಿಲ್ಲ, ನೀರಿನಲ್ಲಿ ಹಾಕಿದರೆ ತಾಜಾ ಮೊಟ್ಟೆಯಂತೆ ಮುಳುಗುತ್ತದೆ. ತೇಲುವ ಪರೀಕ್ಷೆ ಹೇಳುವುದು ಮೊಟ್ಟೆಯ ವಯಸ್ಸನ್ನೇ ಹೊರತು ಅದರೊಳಗಿನ ರೋಗಾಣುವನ್ನಲ್ಲ. ಇಂಥ ಮೊಟ್ಟೆ ಅಪರೂಪ ನಿಜ. ಆದರೆ ಆರು ಮೊಟ್ಟೆಗಳನ್ನು ಒಂದೇ ಬಟ್ಟಲಿಗೆ ಒಡೆದು ಕಡೆದಾಗ ಒಂದರ ಪಾಪ ಆರಕ್ಕೂ ಹಂಚಿಹೋಗುತ್ತದೆ.

ಫ್ರಿಜ್ ರೋಗಾಣುವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಬೆಳೆಯುವುದು ನಿಂತಂತೆಯೇ. ಹೊರಗೆ ತೆಗೆದಿಟ್ಟರೆ ಮತ್ತೆ ಎದ್ದು ಕೂರುತ್ತದೆ. ಕಾಫಿಯ ಕಹಿ, ಸಕ್ಕರೆಯ ಸಿಹಿ, ಕೆಲವರು ಚಿಮುಕಿಸುವ ರಮ್ಮು, ಬಿಸ್ಕತ್ತಿನಲ್ಲಿರುವ ಲವಂಗ ಇವು ಯಾವುವೂ ಈ ಪ್ರಮಾಣದಲ್ಲಿ ರೋಗಾಣುವನ್ನು ಕೊಲ್ಲಲಾರವು. ಲವಂಗ, ದಾಲ್ಚಿನ್ನಿಯ ಎಣ್ಣೆಗೆ ಪ್ರಯೋಗಶಾಲೆಯಲ್ಲಿ ಅಂಥ ಗುಣ ಇದೆ. ಆದರೆ ಬಿಸ್ಕತ್ತಿನ ಚಿಟಿಕೆ ಮಸಾಲೆ ಪಕ್ಕದ ಪದರದ ಮೊಟ್ಟೆಯನ್ನು ಶುದ್ಧಮಾಡೀತೆಂದು ನಂಬಬೇಡಿ.

ವಿದೇಶದವರು ತಿನ್ನುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಬ್ರಿಟನ್ನಿನಲ್ಲಿ 1988ರಲ್ಲಿ ಮೊಟ್ಟೆಯ ಸಾಲ್ಮೊನೆಲ್ಲ ದೊಡ್ಡ ರಾಜಕೀಯ ಗದ್ದಲವನ್ನೇ ಎಬ್ಬಿಸಿತ್ತು. 1998ರಿಂದ ಅಲ್ಲಿ ಲಸಿಕೆ ಹಾಕಿದ ಕೋಳಿಗಳ ಮೊಟ್ಟೆಗೆ ಸಿಂಹದ ಮುದ್ರೆ ಒತ್ತಲಾಗುತ್ತಿದೆ. ಆ ಮುದ್ರೆಯ ಮೊಟ್ಟೆಯನ್ನು ಗರ್ಭಿಣಿಯರು, ಮಕ್ಕಳು, ವೃದ್ಧರೂ ಹಸಿಯಾಗಿ ತಿನ್ನಬಹುದೆಂದು ಅಲ್ಲಿನ ಸರ್ಕಾರಿ ಆಹಾರ ಸಂಸ್ಥೆ ಒಪ್ಪಿದ್ದು 2017ರಲ್ಲಿ. ನಮ್ಮ ಬೀದಿಯ ಅಂಗಡಿಯ ಟ್ರೇ ಬಿಸಿಲಿಗೆ ಮೈಯೊಡ್ಡಿ ಕೂತಿರುತ್ತದೆ, ಅದರ ಮೊಟ್ಟೆಯ ಮೇಲೆ ಯಾವ ಮುದ್ರೆಯೂ ಇಲ್ಲ. ಹಾಲಿಗೆ ಹಸಿ ಮೊಟ್ಟೆ ಒಡೆದು ಕುಡಿಯುವ ವ್ಯಾಯಾಮಶಾಲೆಯ ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ. ಅವರು ಕೇಳುವುದಿಲ್ಲ, ಅದು ಬೇರೆ ವಿಷಯ.

ಹಾಗಾದರೆ ತಿರಾಮಿಸು ಮಾಡಲೇಬಾರದೆ? ಮಾಡಿ, ಮೊಟ್ಟೆ ಬಿಟ್ಟು ಮಾಡಿ. ಎಂಟು ಜನಕ್ಕೆ 250 ಗ್ರಾಂ ಮಸ್ಕಾರ್ಪೋನೆ, 200 ಮಿಲಿಲೀಟರ್ ಪಾಶ್ಚರೀಕರಿಸಿದ ಕೆನೆ, 60 ಗ್ರಾಂ ಪುಡಿ ಸಕ್ಕರೆ, ಸುಮಾರು 250 ಗ್ರಾಂ ಮಸಾಲೆ ಬಿಸ್ಕತ್ತು, ಒಂದು ಲೋಟ ಗಟ್ಟಿ ಡಿಕಾಕ್ಷನ್ ಸಾಕು. ಕೆನೆಯಲ್ಲಿ ಶೇಕಡ 30ಕ್ಕಿಂತ ಹೆಚ್ಚು ಕೊಬ್ಬಿರಬೇಕು, ಇಲ್ಲದಿದ್ದರೆ ಎಷ್ಟು ಕಡೆದರೂ ಗಟ್ಟಿಯಾಗದು. ವಾರವಿಡೀ ಹಾಲಿನ ಮೇಲಿಂದ ತೆಗೆದು ಕೂಡಿಟ್ಟ ಮನೆಯ ಕೆನೆ ಬೆಣ್ಣೆಗೆ ಸರಿ, ಇದಕ್ಕೆ ಬೇಡ. ಮಸ್ಕಾರ್ಪೋನೆ ದುಬಾರಿ ಎನಿಸಿದರೆ ಅರ್ಧ ಲೀಟರ್ ಕೆನೆಯನ್ನು 85 ಡಿಗ್ರಿವರೆಗೆ, ಅಂದರೆ ಕುದಿ ಬರುವ ಸ್ವಲ್ಪ ಮೊದಲಿನವರೆಗೆ ಕಾಯಿಸಿ, ಒಂದು ದೊಡ್ಡ ಚಮಚ ನಿಂಬೆರಸ ಬೆರೆಸಿ, ಆರಿದ ಮೇಲೆ ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಫ್ರಿಜ್ಜಿನೊಳಗೇ ರಾತ್ರಿಯಿಡೀ ಸೋಸಲು ಬಿಡಿ.

ಕೆನೆಯನ್ನು ಸಕ್ಕರೆಯೊಡನೆ ಕಡೆದು ಮಸ್ಕಾರ್ಪೋನೆಗೆ ಮೆಲ್ಲಗೆ ಬೆರೆಸಿ. ಡಿಕಾಕ್ಷನ್ ಪೂರ್ತಿ ತಣ್ಣಗಾಗಿರಲಿ. ಮಸಾಲೆ ಬಿಸ್ಕತ್ತು ಇಟಲಿಯದರಂತೆ ನೀರು ಹೀರುವುದಿಲ್ಲ, ಅದ್ದಿದ ಕೂಡಲೇ ತೆಗೆಯದಿದ್ದರೆ ಲೋಟದ ತಳದಲ್ಲಿ ಕೆಸರಾಗುತ್ತದೆ. ರಾತ್ರಿ ಕಳೆಯುವುದರೊಳಗೆ ಕೆನೆಯ ತೇವಕ್ಕೇ ಅದು ಮೆತ್ತಗಾಗುವುದರಿಂದ ಅವಸರ ಬೇಡ. ಎತ್ತರದ ಪಾತ್ರೆಗಿಂತ ತಟ್ಟೆಯಂಥ ಅಗಲ ಪಾತ್ರೆ ಒಳ್ಳೆಯದು, ಬೇಗ ತಣ್ಣಗಾಗುತ್ತದೆ. ಮುಚ್ಚಳ ಹಾಕಿ ಎಂಟು ಗಂಟೆ ಫ್ರಿಜ್ಜಿನಲ್ಲಿಡಿ, ಬಡಿಸುವ ಮುಂಚೆ ಕೋಕೋ ಉದುರಿಸಿ, ಎರಡು ದಿನದೊಳಗೆ ಮುಗಿಸಿ.

ಮೊಟ್ಟೆ ಬೇಕೇ ಬೇಕೆನ್ನುವವರು ಹಳದಿಯನ್ನೂ ಸಕ್ಕರೆಯನ್ನೂ ಕುದಿನೀರಿನ ಪಾತ್ರೆಯ ಮೇಲಿಟ್ಟು ಬಿಡದೆ ಕಡೆಯುತ್ತಾ 71 ಡಿಗ್ರಿ ಮುಟ್ಟಿಸಬೇಕು. ಅಡುಗೆಯ ಉಷ್ಣಮಾಪಕ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ. ಕಣ್ಣಂದಾಜಿಗೆ ಬಿಟ್ಟರೆ ಒಂದೋ ಹಸಿ ಉಳಿಯುತ್ತದೆ, ಇಲ್ಲವೇ ಬುರ್ಜಿಯಾಗುತ್ತದೆ.

ಮೊಟ್ಟೆ ಬಿಟ್ಟ ಮಾತ್ರಕ್ಕೆ ಫ್ರಿಜ್ಜಿನ ಮೇಲೆ ಕಣ್ಣಿಡುವುದನ್ನು ಬಿಡುವಂತಿಲ್ಲ. 1996ರಲ್ಲಿ ಇಟಲಿಯಲ್ಲಿ ಅಂಗಡಿಯ ಮಸ್ಕಾರ್ಪೋನೆಯಿಂದ ಎಂಟು ಮಂದಿ ಯುವಜನರಿಗೆ ಬಾಟ್ಯುಲಿಸಂ ಎಂಬ ನರಗಳನ್ನು ಕಟ್ಟಿಹಾಕುವ ವಿಷಬಾಧೆ ತಗುಲಿ ಒಬ್ಬರು ಸತ್ತರು. ಮಾರುವ ಹಂತದಲ್ಲಿ ತಂಪು ತಪ್ಪಿದ್ದೇ ಅದಕ್ಕೆ ಕಾರಣವಾಗಿರಬೇಕೆಂದು ತನಿಖೆ ಮಾಡಿದವರು ಹೇಳಿದರು. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಅದಕ್ಕೂ ಮೀರಿದರೆ ಇಂಥ ಸಿಹಿಯನ್ನು ಎಸೆಯಿರಿ. ಮೇಜಿನ ಮೇಲೆ ಎರಡು ಗಂಟೆ, ಕಡುಬೇಸಿಗೆಯಲ್ಲಿ ಒಂದೇ ಗಂಟೆ. ಅಷ್ಟು ದುಡ್ಡು ಸುರಿದು ಮಾಡಿದ್ದನ್ನು ಬಿಸಾಡಲು ಮನಸ್ಸು ಬಾರದು, ನನಗೂ ಗೊತ್ತು.

ಎಂಟು ಪಾಲು ಮಾಡಿದರೂ ಒಂದೊಂದು ಪಾಲಿನಲ್ಲಿ ಸುಮಾರು 400 ಕ್ಯಾಲೊರಿ ಇರುತ್ತದೆ. ಚಿಕ್ಕ ಮಕ್ಕಳಿಗೆ ಕಾಫಿಯ ಬದಲು ಕುದಿಸಿ ಆರಿಸಿದ ಕೋಕೋ ಹಾಲು ಬಳಸಿ. ಮಧುಮೇಹಿಗಳಿಗೆ ಎರಡು ಚಮಚ ಸಾಕು. ಆ ತಾತ ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಈ ವರ್ಷದ ಹುಟ್ಟುಹಬ್ಬಕ್ಕೆ ಮೊಮ್ಮಗಳ ಮೊಟ್ಟೆಯಿಲ್ಲದ ತಿರಾಮಿಸುವನ್ನು ನನ್ನ ಲೆಕ್ಕಕ್ಕಿಂತ ದುಪ್ಪಟ್ಟು ತಿಂದರಂತೆ.

ಕಾಯಿಲೆ ಬಂದೇ ಬಿಟ್ಟರೆ? ತಿಂದ 6 ಗಂಟೆಯಿಂದ ಮೂರು ದಿನದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಆದ್ದರಿಂದ ಕೊನೆಯ ಊಟವನ್ನಷ್ಟೇ ಅನುಮಾನಿಸಬೇಡಿ, ಹಿಂದಿನ ದಿನಗಳದ್ದನ್ನೂ ನೆನಪುಮಾಡಿಕೊಂಡು ವೈದ್ಯರಿಗೆ ಹೇಳಿ. ಭೇದಿ ನಿಲ್ಲಿಸುವ ಮಾತ್ರೆ, ಅಂಗಡಿಯವರು ಕೊಡುವ ಆಂಟಿಬಯೋಟಿಕ್ ಎರಡೂ ಬೇಡ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು ಹಾಕಿ ಮತ್ತೆ ಮತ್ತೆ ಕುಡಿಸಿ. ಮಧುಮೇಹಿಗಳೂ ಆ ಹೊತ್ತಿಗೆ ಇದನ್ನು ಕುಡಿಯಬಹುದು, ಸಕ್ಕರೆ ಪರೀಕ್ಷಿಸಿಕೊಳ್ಳುತ್ತಿರಬೇಕು. ಬಹುಪಾಲು ಜನ ವಾರದೊಳಗೆ ಸುಧಾರಿಸುತ್ತಾರೆ. ಮಲದಲ್ಲಿ ರಕ್ತ ಕಂಡರೆ, ಜ್ವರ ಇಳಿಯದಿದ್ದರೆ, ಮೂತ್ರ ಕಡಿಮೆಯಾದರೆ, ಅಥವಾ ರೋಗಿ ಹಸುಳೆ, ಗರ್ಭಿಣಿ, ವೃದ್ಧರಾಗಿದ್ದರೆ ಮಾರನೆಯ ಬೆಳಗಿನವರೆಗೆ ಕಾಯದೆ ಅಂದೇ ಆಸ್ಪತ್ರೆಗೆ ಹೊರಡಿ.