‘ಅಲೌ’ ಒತ್ತುವ ಮುನ್ನ ಒಂದು ನಿಮಿಷ

ಪದವಿ ಮುಗಿದ ಮೇಲೆ ಐದು ತಿಂಗಳು ನಾನು ಮಾಡಿದ್ದು ಎರಡೇ ಕೆಲಸ. ಬೆಳಿಗ್ಗೆ ಅಪ್ಪನ ಅಂಗಡಿಯ ಲೆಕ್ಕ ಬರೆಯುವುದು, ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು ಕೆಲಸ ಹುಡುಕುವುದು. ಬಿ.ಕಾಂ.ನಲ್ಲಿ ಒಳ್ಳೆಯ ಅಂಕ ಬಂದಿತ್ತು. ಟ್ಯಾಲಿ ಕಲಿತಿದ್ದೆ. ಜಿಎಸ್‌ಟಿ ರಿಟರ್ನ್ ತುಂಬಲು ಬರುತ್ತಿತ್ತು. ಆದರೂ ಉದ್ಯೋಗದ ಜಾಲತಾಣವೊಂದರಲ್ಲಿ ‘ಅಕೌಂಟೆಂಟ್’ ಎಂದು ಟೈಪ್ ಮಾಡಿದರೆ ದಿನವೂ ಅದೇ ನಾಲ್ಕೈದು ಸಾಲು. ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಗೆ ಗುಮಾಸ್ತ, ಹಾವೇರಿಯ ಪೆಟ್ರೋಲ್ ಬಂಕಿಗೆ ಕ್ಯಾಷಿಯರ್, ರಾಣೆಬೆನ್ನೂರಿನ ಬಟ್ಟೆ ಅಂಗಡಿಗೆ ಬಿಲ್ ಬರೆಯುವವರು. ಅದರಲ್ಲೂ ಎರಡಕ್ಕೆ ‘ಪುರುಷರು ಮಾತ್ರ’ ಎಂಬ ಷರತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳುತ್ತಿದ್ದರು, ‘ಏನವ್ವಾ, ಇವತ್ತೇನರ ಬಂತೇನು?’ ನಾನು ‘ಇಲ್ಲಪಾ’ ಅನ್ನುತ್ತಿದ್ದೆ. ಅವರು ಮತ್ತೇನೂ ಅನ್ನುತ್ತಿರಲಿಲ್ಲ. ಆದರೆ ಅವ್ವ ನನ್ನ ಜಾತಕದ ಪ್ರತಿ ತೆಗೆಸಿ ಇಟ್ಟಿದ್ದು ನನಗೆ ಗೊತ್ತಿತ್ತು. ನನ್ನಂಥವರಿಗೆ ಕೆಲಸವೇ ಇಲ್ಲ ಎಂದು ನಾನೂ ಹೆಚ್ಚುಕಡಿಮೆ ನಂಬಿಬಿಟ್ಟಿದ್ದೆ.

ದೀಪಾವಳಿಗೆ ದೊಡ್ಡಪ್ಪನ ಮಗಳು ಅಕ್ಕ ಬೆಂಗಳೂರಿನಿಂದ ಬಂದಳು. ನನ್ನ ಗೋಳು ಕೇಳಿ, ತನ್ನ ಲ್ಯಾಪ್‌ಟಾಪ್ ತೆಗೆದು ಅದೇ ಜಾಲತಾಣ ತೆರೆದು ಅದೇ ಪದ ಟೈಪ್ ಮಾಡಿದಳು. ಪುಟದ ಮೇಲೆ ಪುಟ ಬಂತು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಬೆಂಗಳೂರು. ಮನೆಯಿಂದಲೇ ಮಾಡುವ ಕೆಲಸಗಳೂ ಇದ್ದವು. ಒಂದೇ ಕೋಣೆ, ಒಂದೇ ವೈಫೈ, ಒಂದೇ ಜಾಲತಾಣ. ಅವಳಿಗೆ ಅಷ್ಟು, ನನಗೆ ಮಾತ್ರ ಇಷ್ಟೇ!

‘ಮೊದಲನೇ ದಿನ ಅದು ಲೊಕೇಶನ್ ಕೇಳಿತ್ತಲ್ಲ, ಏನು ಒತ್ತಿದಿ?’ ಅಂದಳು.

‘ಅಲೌ ಒತ್ತಿದ್ನೆ ಅಕ್ಕ. ಪದೇ ಪದೇ ಅಡ್ಡ ಬರತಿತ್ತು.’

ಅವಳು ನನ್ನ ಪರದೆಯ ಎಡ ಮೂಲೆಯನ್ನು ಬೆರಳಿನಿಂದ ತೋರಿಸಿದಳು. ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘25 ಕಿ.ಮೀ. ಒಳಗೆ’ ಎಂದಿತ್ತು. ಜಾಲತಾಣ ಸುಳ್ಳು ಹೇಳಿರಲಿಲ್ಲ. ನಾನು ಎಲ್ಲಿದ್ದೇನೆ ಎಂದು ಕೇಳಿತ್ತು, ನಾನು ಹೇಳಿದ್ದೆ. ಅದು ನಮ್ಮ ಮನೆಯನ್ನು ನಡುವೆ ಇಟ್ಟು ಒಂದು ವೃತ್ತ ಎಳೆದು, ಅದರೊಳಗಿನ ಕೆಲಸಗಳನ್ನು ಮಾತ್ರ ತೋರಿಸುತ್ತಿತ್ತು. ಹುಬ್ಬಳ್ಳಿ ಆ ವೃತ್ತದ ಆಚೆ ಇತ್ತು. ಐದು ತಿಂಗಳು ನಾನು ಅದರೊಳಗೇ ಸುತ್ತುತ್ತಿದ್ದೆ.

ತಪ್ಪು ಜಾಲತಾಣದ್ದೋ ನನ್ನದೋ ಎಂದು ಈಗಲೂ ಯೋಚಿಸುತ್ತೇನೆ. ಓದದೆ ಒತ್ತಿದ್ದು ನಾನು ಎನ್ನುವುದಂತೂ ನಿಜ. ಹಾಗಾಗಿ ಅಂದಿನಿಂದ ಆ ಪುಟ್ಟ ಕಿಟಕಿಯ ಬಗ್ಗೆ ಕೂತು ತಿಳಿದುಕೊಂಡೆ. ತಿಳಿದದ್ದನ್ನು ನನ್ನ ಹಾಗೆ ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಮೊಬೈಲಿನಲ್ಲಿ ಜಿಪಿಎಸ್ ಇರುತ್ತದೆ, ಸರಿ. ಸಾಮಾನ್ಯವಾಗಿ ಲ್ಯಾಪ್‌ಟಾಪಿನಲ್ಲಿ ಇರುವುದಿಲ್ಲ. ಆದರೂ ಅದು ಮನೆಯ ಬೀದಿಯನ್ನೇ ತೋರಿಸುತ್ತದೆ. ಕಾರಣ ವೈಫೈ. ನಾವು ‘ಅಲೌ’ ಒತ್ತಿದ ಕೂಡಲೇ ಅಕ್ಕಪಕ್ಕದಲ್ಲಿ ಯಾವ ಯಾವ ವೈಫೈ ಸಿಗ್ನಲ್ ಇದೆ, ಯಾವುದು ಎಷ್ಟು ಜೋರಾಗಿದೆ ಎಂಬುದನ್ನು ಕಂಪ್ಯೂಟರ್ ಪಟ್ಟಿ ಮಾಡುತ್ತದೆ. ಆ ಪಟ್ಟಿ ಸ್ಥಳ ಪತ್ತೆ ಮಾಡುವ ಸೇವೆಯೊಂದಕ್ಕೆ ಹೋಗುತ್ತದೆ. ಯಾವ ವೈಫೈ ಎಲ್ಲಿದೆ ಎಂಬ ದೊಡ್ಡ ದಾಖಲೆ ಅಲ್ಲಿ ಮೊದಲೇ ಇರುತ್ತದೆ. ಎರಡನ್ನೂ ಹೋಲಿಸಿ ಅಕ್ಷಾಂಶ, ರೇಖಾಂಶ ವಾಪಸ್ ಬರುತ್ತದೆ. ಜಾಲತಾಣದ ಕೈಗೆ ಸಿಗುವುದು ಆ ಅಂಕಿಗಳು.

ನಮ್ಮನ್ನು ಕೇಳದೆ ಬ್ರೌಸರ್ ಇದನ್ನು ಕೊಡುವಂತಿಲ್ಲ. ಈ ವ್ಯವಸ್ಥೆಗೆ ಇರುವ ಅಂತರರಾಷ್ಟ್ರೀಯ ಮಾನದಂಡದಲ್ಲೇ ಬಳಕೆದಾರರ ಒಪ್ಪಿಗೆ ಕಡ್ಡಾಯ. 2016ರಿಂದ ಕ್ರೋಮ್ ಇನ್ನೊಂದು ಷರತ್ತು ಹಾಕಿತು: ‘ಎಚ್‌ಟಿಟಿಪಿಎಸ್’ ಇಲ್ಲದ, ಅಂದರೆ ಸುರಕ್ಷಿತವಲ್ಲದ ತಾಣಗಳು ಲೊಕೇಶನ್ ಪಡೆಯುವಂತೆಯೇ ಇಲ್ಲ. ನಮಗೆ ಕಿರಿಕಿರಿ ಎನಿಸುವ ಆ ಕಿಟಕಿ ನಿಜಕ್ಕೂ ನಮ್ಮ ಮನೆ ಬಾಗಿಲ ಚಿಲಕವಿದ್ದಂತೆ. ತೊಂದರೆ ಎಂದರೆ, ಸುದ್ದಿ ಓದಲು ಹೋದರೂ ರಿಸಲ್ಟ್ ನೋಡಲು ಹೋದರೂ ಪಾಕವಿಧಾನ ಹುಡುಕಿದರೂ ಎಲ್ಲರೂ ಅದೇ ಬಾಗಿಲು ತಟ್ಟುತ್ತಾರೆ. ಬೇಸತ್ತು ನಾವೇ ಚಿಲಕ ತೆಗೆದುಬಿಡುತ್ತೇವೆ.

ಒಂದೇ ಸಲ ‘ಬೇಡ’ ಎನ್ನುವುದು ಹೇಗೆ?

ಪ್ರತಿ ಸಲ ಕಿಟಕಿ ಮುಚ್ಚುತ್ತ ಕೂರುವ ಅಗತ್ಯವಿಲ್ಲ. ‘ಯಾರೂ ಕೇಳಬೇಡಿ’ ಎಂದು ಬ್ರೌಸರ್‌ಗೆ ಒಮ್ಮೆ ಹೇಳಿಟ್ಟರೆ ಸಾಕು.

ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಬಳಸುವವರು ಬಲ ಮೇಲಿನ ಮೂರು ಚುಕ್ಕಿ ಒತ್ತಿ ‘ಸೆಟ್ಟಿಂಗ್ಸ್’ಗೆ ಹೋಗಿ. ಅಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ಲೊಕೇಶನ್’. ಜಾಲತಾಣಗಳು ಲೊಕೇಶನ್ ನೋಡಲು ಬಿಡಬೇಡಿ ಎಂಬರ್ಥದ ಆಯ್ಕೆ ಇರುತ್ತದೆ, ಅದನ್ನು ಆರಿಸಿ. ಅದೇ ಪುಟದ ಕೆಳಗೆ ನೀವು ಈ ಹಿಂದೆ ಒಪ್ಪಿಗೆ ಕೊಟ್ಟ ತಾಣಗಳ ಪಟ್ಟಿ ಇರುತ್ತದೆ. ಅದನ್ನು ತಪ್ಪದೆ ನೋಡಿ. ನನ್ನ ಪಟ್ಟಿಯಲ್ಲಿ ಹತ್ತೊಂಬತ್ತು ತಾಣಗಳಿದ್ದವು. ಅವುಗಳಲ್ಲಿ ಒಂದು, ಎರಡನೇ ಸೆಮಿಸ್ಟರ್‌ನಲ್ಲಿ ಒಂದೇ ಒಂದು ನೋಟ್ಸ್‌ಗಾಗಿ ತೆರೆದಿದ್ದು. ಹೊಸ ಕೋರಿಕೆಗಳನ್ನು ನಿಲ್ಲಿಸಿದ ಮಾತ್ರಕ್ಕೆ ಹಳೆಯ ಒಪ್ಪಿಗೆಗಳು ತಾವಾಗಿ ಹೋಗುವುದಿಲ್ಲ, ಒಂದೊಂದನ್ನೇ ಅಳಿಸಬೇಕು.

ಆ್ಯಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲೂ ಹೆಚ್ಚುಕಡಿಮೆ ಇದೇ ದಾರಿ: ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ಲೊಕೇಶನ್. ಇನ್ನೂ ಗಟ್ಟಿ ಮಾಡಬೇಕೆಂದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್‌ಗೆ ಹೋಗಿ, ಆ್ಯಪ್‌ಗಳ ಪಟ್ಟಿಯಲ್ಲಿ ಕ್ರೋಮ್ ಆರಿಸಿ, ಅದಕ್ಕೇ ಅನುಮತಿ ಇಲ್ಲ ಎಂದು ಮಾಡಬಹುದು. ಆ್ಯಂಡ್ರಾಯ್ಡ್ 12 ಬಂದ ಮೇಲೆ ನಡುವಿನ ದಾರಿಯೂ ಇದೆ. ‘ನಿಖರ ಲೊಕೇಶನ್’ ಎಂಬುದನ್ನು ಮಾತ್ರ ಆಫ್ ಮಾಡಿದರೆ ಆ್ಯಪ್‌ಗೆ ನಿಮ್ಮ ಮನೆ ಗೊತ್ತಾಗುವುದಿಲ್ಲ, ಸುಮಾರಾಗಿ ಯಾವ ಭಾಗದಲ್ಲಿದ್ದೀರಿ ಎಂಬುದಷ್ಟೇ ಗೊತ್ತಾಗುತ್ತದೆ.

ಫೈರ್‌ಫಾಕ್ಸ್ ಇದ್ದರೆ ‘ಸೆಟ್ಟಿಂಗ್ಸ್’ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯಲ್ಲಿ ಕೆಳಗೆ ‘ಪರ್ಮಿಷನ್ಸ್’ ಎಂಬ ಭಾಗವಿದೆ. ಲೊಕೇಶನ್ ಮುಂದಿನ ಗುಂಡಿ ಒತ್ತಿ, ಹೊಸ ಕೋರಿಕೆಗಳನ್ನು ತಡೆಯುವ ಚೌಕಕ್ಕೆ ಟಿಕ್ ಹಾಕಿ ಸೇವ್ ಮಾಡಿ. ಸೇವ್ ಮಾಡದೆ ಮುಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’, ‘ಲೊಕೇಶನ್ ಸರ್ವಿಸಸ್’ ಹಾದಿಯಲ್ಲಿ ಸಫಾರಿಯ ಹೆಸರು ಸಿಗುತ್ತದೆ. ಅದಕ್ಕೆ ‘ನೆವರ್’ ಎಂದು ಕೊಡಿ.

ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬುವವರಿಗೆ ಒಂದು ಮಾತು. ಅಲ್ಲಿನ ಕಂಪ್ಯೂಟರಿನಲ್ಲಿ ಹಿಂದೆ ಕೂತವರು ಏನೇನು ಒಪ್ಪಿದ್ದಾರೋ ನಿಮಗೆ ಗೊತ್ತಿರುವುದಿಲ್ಲ. ಇನ್‌ಕಾಗ್ನಿಟೋ ಕಿಟಕಿ ತೆರೆದು ಕೆಲಸ ಮಾಡಿ. ಅದರಲ್ಲಿ ನೀವು ಕೊಟ್ಟ ಅನುಮತಿ ಕಿಟಕಿ ಮುಚ್ಚಿದಾಗ ಹೋಗುತ್ತದೆ, ಲಾಗಿನ್ ಕೂಡ ಉಳಿಯುವುದಿಲ್ಲ.

ಬ್ಲಾಕ್ ಮಾಡಿದರೂ ಉಳಿಯುವುದು

ಸೆಟ್ಟಿಂಗ್ಸ್ ಬದಲಿಸಿದ ಮರುದಿನವೇ ಇನ್ನೊಂದು ತಾಣ ‘ನಿಮ್ಮ ನಗರ ಆಯ್ಕೆ ಮಾಡಿ’ ಎಂದು ಪರದೆ ತುಂಬ ಹರಡಿ ನಿಂತಿತು. ಮಾಡಿದ್ದು ಕೆಟ್ಟಿತೇ ಎಂದುಕೊಂಡೆ. ಇಲ್ಲ. ವಿಳಾಸಪಟ್ಟಿಯ ಕೆಳಗೆ ಮೂಡುವ ಪುಟ್ಟ ಕಿಟಕಿ ಬ್ರೌಸರ್‌ನದು, ಅದನ್ನು ತಡೆಯಬಹುದು. ಪುಟದ ನಡುವೆ ಬಣ್ಣಬಣ್ಣದಲ್ಲಿ ಬರುವ ಚೌಕ ಆ ತಾಣದವರೇ ಬರೆದದ್ದು, ಅದಕ್ಕೆ ಈ ಸೆಟ್ಟಿಂಗ್ ನಾಟುವುದಿಲ್ಲ. ಅಲ್ಲಿ ಊರಿನ ಹೆಸರನ್ನೋ ಪಿನ್‌ಕೋಡನ್ನೋ ಕೈಯಿಂದ ಹಾಕಿದರೆ ಸಾಕು. ಆಗ ಯಾವ ಊರು ಹೇಳಬೇಕು ಎನ್ನುವುದು ನಮ್ಮ ಕೈಯಲ್ಲಿರುತ್ತದೆ. ನಾನು ಕೆಲಸ ಹುಡುಕುವಾಗ ‘ಹುಬ್ಬಳ್ಳಿ’ ಎಂದೇ ಹಾಕುತ್ತಿದ್ದೆ.

ಇನ್ನೊಂದು, ಬ್ಲಾಕ್ ಮಾಡಿದ ಮಾತ್ರಕ್ಕೆ ನಾವು ಅದೃಶ್ಯರಾಗುವುದಿಲ್ಲ. ಪ್ರತಿ ಇಂಟರ್‌ನೆಟ್ ಸಂಪರ್ಕಕ್ಕೂ ಐಪಿ ವಿಳಾಸ ಇರುತ್ತದೆ. ಅದರಿಂದ ದೇಶ, ರಾಜ್ಯ, ಕೆಲವೊಮ್ಮೆ ನಗರ ಅಂದಾಜಾಗುತ್ತದೆ. ಅಂದಾಜು ತಪ್ಪುವುದೂ ಉಂಟು. ನಮ್ಮೂರಲ್ಲಿ ಬಿಸಿಲು ನೆತ್ತಿ ಸುಡುತ್ತಿದ್ದರೆ ನನ್ನ ಪರದೆಯ ಮೇಲೆ ಬೆಂಗಳೂರಿನ ಮೋಡ! ಹಾಗಿದ್ದರೂ ಬೀದಿಯ ತನಕ ಗೊತ್ತಾಗುವುದಕ್ಕೂ ನಗರದ ಅಂದಾಜಿಗೂ ವ್ಯತ್ಯಾಸ ದೊಡ್ಡದು. ಪಿ.ಜಿ.ಯಲ್ಲಿ ಒಬ್ಬಳೇ ಇರುವ ಹುಡುಗಿಗೆ ಆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಎಲ್ಲಿ ಒಪ್ಪಬೇಕು?

ಎಲ್ಲದಕ್ಕೂ ‘ಬೇಡ’ ಎನ್ನುವುದೂ ಜಾಣತನವಲ್ಲ. ನಕ್ಷೆಯಲ್ಲಿ ದಾರಿ ಹುಡುಕುವಾಗ, ಆಟೊ ಕರೆಯುವಾಗ ಲೊಕೇಶನ್ ಬೇಕೇಬೇಕು. ಕೆಲವು ಕಂಪನಿಗಳ ಆನ್‌ಲೈನ್ ಪರೀಕ್ಷೆಗಳಲ್ಲಿ ಕ್ಯಾಮೆರಾ, ಮೈಕ್ ಜೊತೆ ಲೊಕೇಶನ್ ಕೂಡ ಕೇಳುತ್ತಾರೆ. ಬ್ಲಾಕ್ ಮಾಡಿದ್ದನ್ನು ಮರೆತು ಪರೀಕ್ಷೆಗೆ ಕೂತರೆ ಪುಟ ಮುಂದೆ ಹೋಗದೆ ಸಮಯ ಸೋರಿಹೋಗಬಹುದು. ಆದ್ದರಿಂದ ಸೂಚನೆಗಳನ್ನು ಹಿಂದಿನ ದಿನವೇ ಓದಿ. ವಿಳಾಸಪಟ್ಟಿಯಲ್ಲಿ ತಾಣದ ಹೆಸರಿನ ಎಡಕ್ಕಿರುವ ಗುರುತು ಒತ್ತಿದರೆ ಆ ಒಂದು ತಾಣಕ್ಕೆ ಮಾತ್ರ ಅನುಮತಿ ಕೊಡಬಹುದು. ಪರೀಕ್ಷೆ ಮುಗಿದ ಮೇಲೆ ಅಲ್ಲೇ ವಾಪಸ್ ಪಡೆಯಬಹುದು. ಕ್ರೋಮ್‌ನ ಈಚಿನ ಆವೃತ್ತಿಗಳಲ್ಲಿ ‘ಈ ಸಲಕ್ಕೆ ಮಾತ್ರ’ ಎಂಬರ್ಥದ ಆಯ್ಕೆಯೂ ಇದೆ. ನನ್ನ ಮಟ್ಟಿಗೆ ಬಹುತೇಕ ಸಂದರ್ಭಕ್ಕೆ ಅದೇ ಸರಿಯಾದ ಉತ್ತರ.

‘ನೋಟಿಫಿಕೇಶನ್ ಕಳುಹಿಸಲೇ’ ಎಂದು ಕೇಳುವ ಕಿಟಕಿಯನ್ನೂ ಇದೇ ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ಮುಚ್ಚಬಹುದು. ಒಪ್ಪಿದರೆ ‘ನೀವು ಆಯ್ಕೆಯಾಗಿದ್ದೀರಿ, ನೋಂದಣಿ ಶುಲ್ಕ ಕಟ್ಟಿ’ ಎಂಬ ನಕಲಿ ಸಂದೇಶಗಳಿಗೂ ದಾರಿ ಸಿಗಬಹುದು. ಯಾರಾದರೂ ಹೀಗೆ ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಕಾನೂನು ನಮ್ಮ ಕಡೆ ಇದೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನನಗೆ ಮೊದಲು ಗೊತ್ತಿರಲಿಲ್ಲ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಒಪ್ಪಿಗೆ ಮುಕ್ತವಾಗಿರಬೇಕು, ಹೇಳಿದ ಉದ್ದೇಶಕ್ಕೆ ಅಗತ್ಯವಿದ್ದಷ್ಟಕ್ಕೆ ಮಾತ್ರ ಸೀಮಿತವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ ಅದು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಇಲ್ಲವೇ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕೆಂದೂ ಅದರಲ್ಲಿದೆ. ಅಂದರೆ ಕನ್ನಡದಲ್ಲೂ. ಈಗಲೇ ಬ್ರೌಸರ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿ. ಆ ಕಿಟಕಿ ನಮ್ಮ ಭಾಷೆಯಲ್ಲಿ ಮಾತಾಡತೊಡಗಿದರೆ ಓದದೆ ಒತ್ತುವ ಚಟ ಅರ್ಧ ಬಿಟ್ಟುಹೋಗುತ್ತದೆ. ನನಗೆ ಹಾಗೇ ಆಯಿತು.

ದೀಪಾವಳಿ ಮುಗಿದ ಮೇಲೆ ಹದಿನೇಳು ಕಡೆ ಅರ್ಜಿ ಹಾಕಿದೆ. ಮೂರು ಕಡೆಯಿಂದ ಕರೆ ಬಂತು, ಎರಡು ಕೈ ತಪ್ಪಿದವು. ಮೂರನೆಯದು ಹುಬ್ಬಳ್ಳಿಯ ಲೆಕ್ಕಪರಿಶೋಧಕರೊಬ್ಬರ ಕಚೇರಿ. ಸಂಬಳ ದೊಡ್ಡದಲ್ಲ, ಕೆಲಸ ಕಲಿಸುತ್ತಾರೆ. ಅಲ್ಲೇ ಪಿ.ಜಿ. ಹಿಡಿದು ನಾಲ್ಕು ತಿಂಗಳಾಯಿತು.

ಹೋದ ಭಾನುವಾರ ಊರಿಗೆ ಹೋದಾಗ ಅಪ್ಪ ತಮ್ಮ ಮೊಬೈಲ್ ಕೊಟ್ಟು, ‘ಮೆಣಸಿನಕಾಯಿ ರೇಟ್ ನೋಡಾಕ್ ಹೋದ್ರ ಏನೋ ಕೇಳತೈತಿ, ಹೌದು ಅನ್ಲೋ ಬ್ಯಾಡ ಅನ್ಲೋ?’ ಅಂದರು. ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ. ಅವರ ಪಟ್ಟಿಯಲ್ಲಿ ಮೂವತ್ತೊಂದು ತಾಣಗಳಿದ್ದವು. ಒಂದೊಂದನ್ನೇ ಅವರ ಕೈಯಿಂದಲೇ ಅಳಿಸಿಸಿದೆ. ನಿಮ್ಮ ಪಟ್ಟಿಯಲ್ಲಿ ಎಷ್ಟಿವೆ? ಇವತ್ತು ಸಂಜೆ ಒಮ್ಮೆ ತೆರೆದು ನೋಡಿ.